ಭಾವನ ನೀರು, ಭಾವನ ತತ್ವ

೧೪ ಆಗಸ್ಟ್, ಗುರುವಾರ, ಧನಗೆರೆ

ಕಾಲೇಜಿನಲ್ಲಿ ಚೀನಾದ ತತ್ವ ಪಾಠ ಮಾಡುವ ನಮ್ಮ ಭಾವ ಶಾಂತಮೂರ್ತಿಯವರನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಇಂದು ನಾಲೆ ನೀರಿನ ಸರದಿ ನಮ್ಮದು. ಬೆಳಿಗ್ಗೆ ಹೋದರೆ ನೀರೆಲ್ಲ ಕೆಳಗಿನ ಅವರ ಗದ್ದೆಯಲ್ಲಿ. ಒಡೆದ ನಮ್ಮ ಬದುವಿನ ಮೇಲೆ ಗುದ್ದಲಿಯ ಗುರುತು.

ಅಲ್ಲೇ ನಿಂತಿದ್ದ ಭಾವನನ್ನು ಕೇಳಿದ್ದಕ್ಕೆ, "ಬುಡವ್ವಾ, ನೀರ್ನ ಅದ್ರ ಪಾಡ್ಗೆ ಬುಡ್ಬೇಕು, ಬಲವಂತ ಮಾಡ್ಬಾರ್ದು. ಚೀನಾದ ತಾವೋ ತತ್ವ ಏಳೋದೇ ಅದು" ಎಂದರು.

ನಾನು ಮಣ್ಣು ಎಳೆದು ಬದು ಮುಚ್ಚಿದೆ. ತಕ್ಷಣ ತಾವೋ ಮಾಯ.

"ದೊಡ್ಡೋರ ಮುಂದೆ ಇಂಗಾ ಆಡೋದು? ಚಿಕ್ಕೋರು ಚಿಕ್ಕೋರಂಗಿರ್ಬೇಕು ಅಂತ ಕನ್‌ಫ್ಯೂಷಿಯಸ್ ಏಳವ್ನೆ."

"ದೊಡ್ಡೋರು ದೊಡ್ಡೋರಂಗಿರ್ಬೇಕು ಅಂತಾನೂ ಏಳವ್ನಲ್ವಾ ಭಾವ?"

ಭಾವ ಪಂಚೆ ಎತ್ತಿ ಕಟ್ಟಿ ಮನೆ ಕಡೆ ನಡೆದರು. ತಾವೋದವನು ತಾನಾಗಿ ಹರಿಯಲಿ ಎಂದ, ಕನ್‌ಫ್ಯೂಷಿಯಸ್ ನಿನ್ನ ಕರ್ತವ್ಯ ಮಾಡು ಎಂದ. ಈ ಮನುಷ್ಯ ಇಬ್ಬರನ್ನೂ ಕಳ್ಳತನಕ್ಕೆ ಕಾವಲಿಟ್ಟಿದ್ದಾರೆ.

ನಾಳೆ ಅವರ ಸರದಿ. ಕನ್‌ಫ್ಯೂಷಿಯಸ್‌ನನ್ನು ಕೇಳಿದರೆ, ಆ ಮಣ್ಣು ತೆಗೆದು ಅವರಿಗೆ ನೀರು ಬಿಡುವುದು ನನ್ನ ಕರ್ತವ್ಯ. ಆದರೆ ನಾಳೆ ಮಾತ್ರ ನಾನು ತಾವೋ ಕಡೆ: ಮಣ್ಣು ಮುಟ್ಟುವುದಿಲ್ಲ, ನೀರು ಅದರ ಪಾಡಿಗೆ ನಮ್ಮ ಗದ್ದೆಯಲ್ಲೇ ಇರಲಿ.