ಒಗೆಯದ ನೀಲಿ ಶರ್ಟು

ನವೆಂಬರ್ ೧೮, ಮಂಗಳವಾರ

ಆ ಇಸ್ತ್ರಿಪೆಟ್ಟಿಗೆಯನ್ನು ಮನೆಗೆ ತರಲೇಬಾರದಿತ್ತು. ಸಂಜೆಯಿಂದ ಅದೇ ಕೊರೆಯುತ್ತಿದೆ.

ಯಜಮಾನರು ತೀರಿಕೊಂಡ ಮೇಲೆ ಅವರ ನೀಲಿ ಶರ್ಟನ್ನು ನಾನು ಒಗೆದೇ ಇರಲಿಲ್ಲ. ಬಾಗಿಲ ಹಿಂದೆ, ಅವರು ತಗುಲಿಹಾಕಿದಂತೆಯೇ ಇತ್ತು. ನಾಳೆ ಮಗಳ ಕೆಲಸದ ಮೊದಲ ದಿನ. ಅಪ್ಪನ ಶರ್ಟನ್ನೇ ಹಾಕಿಕೊಳ್ಳುತ್ತೇನೆಂದು ಹಟ ಹಿಡಿದಳು. ನನಗೆ ಒಗೆಯಲು ಕೈ ಬರಲಿಲ್ಲ. ಇಸ್ತ್ರಿಯಾದರೂ ಮಾಡಿಕೊಡೋಣವೆಂದು ಇಸ್ತ್ರಿಪೆಟ್ಟಿಗೆ ಕೊಳ್ಳಲು ಹೋದೆ. ಅಂಗಡಿಯ ಹುಡುಗಿ ಭಾರದ್ದು, ಹಗುರದ್ದು ಎಲ್ಲ ತೋರಿಸಿ, "ಈ ಸ್ಟೀಮ್ ಇಸ್ತ್ರಿ ತಗೊಳ್ಳಿ ಆಂಟಿ, ಒಗೀದೆ ಇದ್ರೂ ಬಟ್ಟೆ ಹೊಸದರ ಹಾಗಾಗುತ್ತೆ" ಅಂದಳು. ಆ ಒಂದು ಮಾತಿಗೆ ಸೋತೆ.

ನೀರು ತುಂಬಿಸಿ, ಕಾಯಿಸಿ, ಶರ್ಟಿನ ಬೆನ್ನ ಮೇಲೆ ಗುಂಡಿ ಒತ್ತಿದೆ. ಬುಸ್ಸೆಂದು ಹಬೆ ಎದ್ದಿತು. ಅದರ ಜೊತೆ ಅವರೇ ಬಂದರು. ಮರದ ಹೊಟ್ಟು, ಪಾಲಿಶ್, ಬೆವರು. ಬಡಗಿ ಕೆಲಸ ಮುಗಿಸಿ ಹೊಸಿಲು ದಾಟುವಾಗಿನ ಅದೇ ವಾಸನೆ.

ಮಗಳು ಅಡುಗೆಮನೆಯಿಂದ ಓಡಿಬಂದಳು. "ಅಮ್ಮ, ಅಪ್ಪನ ವಾಸನೆ."

ಇಬ್ಬರೂ ಉಸಿರೆಳೆದುಕೊಳ್ಳುತ್ತ ನಿಂತೆವು. ಆಸೆ ತಡೆಯದೆ ಬೆನ್ನು, ಎದೆ, ಕಾಲರಿಗೆಲ್ಲ ಹಬೆ ಹಾಯಿಸಿದೆ. ಕೊನೆಗೆ ಬರೀ ಬಿಸಿನೀರಿನ ವಾಸನೆ. ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡೆ. ಏನೂ ಉಳಿದಿರಲಿಲ್ಲ.

"ಹೋಯ್ತು ಕಣೇ. ನಾನೇ ಕಳಿಸ್ಬಿಟ್ಟೆ."

ಅವಳು ಪ್ಲಗ್ ಕಿತ್ತಳು. "ತೋಳು ಹಾಗೇ ಇರ್ಲಿ ಬಿಡಮ್ಮ. ಮಡಚ್ಕೊಂಡು ಹೋಗ್ತೀನಿ."

ಶರ್ಟು ಕುರ್ಚಿಯ ಮೇಲಿದೆ. ತೋಳುಗಳಲ್ಲಿ ಅವರ ಮೊಣಕೈ ಮಡಿಸಿದ ಸುಕ್ಕು ಇನ್ನೂ ಇದೆ. ಒಮ್ಮೆ ಮೂಸಿ ನೋಡೋಣವೆನಿಸುತ್ತದೆ, ಧೈರ್ಯ ಸಾಲುತ್ತಿಲ್ಲ. ಅಲ್ಲೂ ಇಲ್ಲದೆ ಹೋದರೆ...