ಕಿವಿಗೆ ಬೀಳದ ಕೂಗಿಗೆ ಸಾಕ್ಷಿ ಹೇಳಿದವರು

ಮಾನ್ಯರೆಂದು ಕರೆಯಲೇಬೇಕಾದ ವಿಚಾರಣಾಧಿಕಾರಿಗಳೇ,

ನನ್ನ ಅಕ್ಕನ ಮಗಳ ದವಡೆ ಮುರಿದ ಮೇಸ್ತ್ರಿಯನ್ನು ನೀವು ನಿರ್ದೋಷಿ ಎಂದು ಬರೆದಿದ್ದೀರಿ. ಸೋಮವಾರ ಅವನು ನಮ್ಮ ಬಟ್ಟೆ ಗಿರಣಿಯ ಅದೇ ಶೆಡ್ಡಿಗೆ, ಅದೇ ಹುಡುಗಿಯರ ಮೇಲೆ ದರ್ಬಾರು ನಡೆಸಲು ವಾಪಸು ಬರುತ್ತಾನೆ. ಮುರಿದವನಿಗೆ ಕೆಲಸ, ಮುರಿಸಿಕೊಂಡವಳಿಗೆ ಅಶಿಸ್ತಿನ ನೋಟೀಸು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದನ್ನು ಗಾದೆಯಲ್ಲಿ ಕೇಳಿದ್ದೆ. ಸರ್ಕಾರಿ ಮೊಹರಿನ ಸಮೇತ ನೋಡಿದ್ದು ಇದೇ ಮೊದಲು.

ನಡೆದದ್ದನ್ನು ಊರೆಲ್ಲ ಓದಲಿ ಎಂದು ಈ ಪತ್ರಿಕೆಯಲ್ಲಿ ಹೇಳುತ್ತೇನೆ. ಹುಡುಗಿಯನ್ನು ನಾವು ಗುಬ್ಬಿ ಅಂತ ಕರೆಯುತ್ತೇವೆ. ಹೊಸದಾಗಿ ಸೇರಿದ್ದ ಒಬ್ಬಳ ಸೊಂಟಕ್ಕೆ ಮೇಸ್ತ್ರಿ ಕೈ ಹಾಕಿದ. ಪಕ್ಕದ ಮಗ್ಗದಲ್ಲಿದ್ದ ಗುಬ್ಬಿ "ಕೈ ತೆಗಿ" ಅಂದಳು. ಅವನು ನಕ್ಕ. ಅವಳು ಹೋಗಿ ಆ ಕೈಯನ್ನು ತಾನೇ ಕಿತ್ತು ಹಾಕಿದಳು. ಅವನು ಅವಳ ಜಡೆಯನ್ನು ಮುಷ್ಟಿಗೆ ಸುತ್ತಿಕೊಂಡು ಮುಖವನ್ನು ಮಗ್ಗದ ಕಬ್ಬಿಣದ ಚೌಕಟ್ಟಿಗೆ ಬಡಿದ. ಎಳೆದ, ಮತ್ತೆ ಬಡಿದ. ಹಲ್ಲು ಉದುರಿ ಬಟ್ಟೆಯ ಮೇಲೆ ಬಿತ್ತು. ಮಗ್ಗ ಮಾತ್ರ ನಿಲ್ಲಲಿಲ್ಲ, ರಕ್ತವನ್ನೂ ಸೇರಿಸಿಕೊಂಡು ಬಟ್ಟೆ ಸುತ್ತುತ್ತಲೇ ಹೋಯಿತು. ಆಮೇಲೆ ಅವನು ಮಾಡಿದ ಮೊದಲ ಕೆಲಸ, ಕಲೆಯಾದ ಬಟ್ಟೆಯನ್ನು ಕತ್ತರಿಸಿ ತೆಗೆಸಿದ್ದು.

ನಿಮ್ಮ ವರದಿಯ ಪ್ರಕಾರ ಅವಳು ಕಾಲು ಜಾರಿ ಬಿದ್ದಳಂತೆ! ಹೊಡೆದಿದ್ದರೆ ಕೂಗುತ್ತಿದ್ದಳು, ಕೂಗು ಯಾರಿಗೂ ಕೇಳಿಸಿಲ್ಲ, ಆದ್ದರಿಂದ ಹೊಡೆದಿಲ್ಲ. ಆಹಾ, ಎಂಥ ತರ್ಕ! ಸ್ವಾಮಿ, ಅಷ್ಟೂ ಮಗ್ಗಗಳು ಒಟ್ಟಿಗೆ ಬಡಿಯುವ ಜಾಗದಲ್ಲಿ ನಿಮ್ಮ ತಲೆ ಹಾರಿಸಿದರೂ ಪಕ್ಕದವರಿಗೆ ಕೇಳಿಸುವುದಿಲ್ಲ. ಅದಕ್ಕೇ ನಾವು ತುಟಿ ನೋಡಿ ಮಾತಾಡುವುದು. ಆ ತುದಿಯವಳು ಸದ್ದಿಲ್ಲದೆ ತುಟಿ ಆಡಿಸಿದರೆ ಈ ತುದಿಯವಳು ಬಿದ್ದು ಬಿದ್ದು ನಗುತ್ತಾಳೆ. ನೀವು ತಪಾಸಣೆಗೆಂದು ಬಂದು ಮೂಗಿಗೆ ಕರ್ಚೀಫು ಹಿಡಿದು ನಿಂತಿದ್ದಾಗ ನಿಮ್ಮ ಬಗ್ಗೆಯೂ ಮಾತಾಡಿಕೊಂಡೆವು. ಅದನ್ನು ಪತ್ರಿಕೆಯಲ್ಲಿ ಅಚ್ಚು ಹಾಕಲಾಗದು.

ಅವನು ಜಡೆ ಎಳೆದಾಗ ಗುಬ್ಬಿಯ ಮುಖ ಮೇಲೆದ್ದಿತ್ತು. "ಬಿಡೋ, ಸಾಯ್ತೀನಿ" ಅಂದದ್ದನ್ನು ಆ ಸಾಲಿನ ಹುಡುಗಿಯರೆಲ್ಲ ಕಂಡರು. ನಿಮ್ಮೆದುರು ಬಂದು ಹೇಳಿದರು. "ಕಿವಿಗೆ ಬಿತ್ತಾ?" ಅಂತ ಕೇಳಿದಿರಿ. "ಇಲ್ಲ ಸಾರ್, ಕಣ್ಣಾರೆ ನೋಡಿದ್ವಿ" ಅಂದರು. ನೀವು ಬರೆಸಿಕೊಂಡದ್ದು 'ಇಲ್ಲ' ಎಂಬಷ್ಟನ್ನೇ.

ಆಸ್ಪತ್ರೆಗೂ ದಯಮಾಡಿಸಿದಿರಿ. ದವಡೆಗೆ ತಂತಿ ಬಿಗಿಸಿಕೊಂಡು ಮಲಗಿದವಳಿಗೆ "ಬಾಯಿ ಬಿಟ್ಟು ಹೇಳಮ್ಮ" ಅಂದಿರಿ. ಆಗ ನಿಮ್ಮ ಕುತ್ತಿಗೆ ಹಿಸುಕಬೇಕು ಅನ್ನಿಸಿತು ನನಗೆ, ಸುಳ್ಳೇಕೆ ಹೇಳಲಿ? ಗುಬ್ಬಿ ತುಟಿ ಆಡಿಸಿದಳು. ಅದನ್ನು ಗಟ್ಟಿಯಾಗಿ ಹೇಳಿದ್ದು ಆ ಹೊಸ ಹುಡುಗಿ; ಬಂದ ದಿನದಿಂದ ತಲೆ ಎತ್ತದಿದ್ದವಳು ನಿಮ್ಮ ಕಣ್ಣಲ್ಲಿ ಕಣ್ಣಿಟ್ಟು ಮೇಸ್ತ್ರಿಯ ಒಂದೊಂದು ಹೊಡೆತವನ್ನೂ ಹೇಳಿದಳು. ನಿಮ್ಮ ಪ್ರಶ್ನೆ ಒಂದೇ: "ಇದೆಲ್ಲ ಯಾರು ಹೇಳಿಕೊಟ್ಟಿದ್ದು ನಿಂಗೆ?"

ಹೇಳುತ್ತೇನೆ, ಕೇಳಿ. ನಮ್ಮ ಊಟದ ಕೋಣೆಯ ಗೋಡೆಗೆ ಹುಡುಗಿಯರು ಕೆಲವು ಚಿತ್ರ ಅಂಟಿಸಿದ್ದಾರೆ. ದೊಡ್ಡ ಮನುಷ್ಯನೊಬ್ಬನನ್ನು ಕಟಕಟೆ ಹತ್ತಿಸಿದ ವಕೀಲೆ, ತರಬೇತುದಾರನ ಹಲ್ಕಾತನವನ್ನು ಮೈಕಿನ ಮುಂದೆ ಹೇಳಿದ ಓಟಗಾರ್ತಿ. ನಡುವೆ ನಮ್ಮವಳೇ ಆದ ಕ್ರಾಪಕ್ಕ. ಅವಳ ಕಾಲದ ಮೇಸ್ತ್ರಿ ಅವಳನ್ನು ಕೂದಲು ಹಿಡಿದು ಶೆಡ್ಡಿನ ಉದ್ದಕ್ಕೂ ಎಳೆದಿದ್ದ. ಮರುದಿನ ಅವಳು ಕೂದಲು ಕತ್ತರಿಸಿ ಕ್ರಾಪು ಮಾಡಿಸಿಕೊಂಡು ಬಂದಳು. ಗೇಟಿನ ಮುಂದೆ ನಿಂತು, "ಇವತ್ತು ಹಿಡಿಯೋ ನೋಡೋಣ" ಅಂತ ಕೂಗಿದಳು. ಗುಬ್ಬಿ ಹುಟ್ಟುವ ಮೊದಲೇ ಅವಳು ಸತ್ತಿದ್ದಳು. ಆದರೂ ಕೆಲಸಕ್ಕೆ ಸೇರಿದ ದಿನ ಗುಬ್ಬಿ ಕೇಳಿದ್ದು ಅವಳ ಬಗ್ಗೆಯೇ. "ಚಿಕ್ಕಮ್ಮ, ಅವಳಿಗೆ ಭಯ ಆಗ್ಲಿಲ್ವಾ?" "ಆಗಿತ್ತು ಕಣೇ. ಆದ್ರೂ ಕೂಗಿದ್ಲು." ಇಷ್ಟೇ ನಾನು ಹೇಳಿಕೊಟ್ಟ ಪಾಠ. ಆ ಚಿತ್ರಗಳು 'ಅಶಿಸ್ತಿಗೆ ಪ್ರಚೋದನೆ' ಎಂದು ತೆಗೆಸಲು ಆದೇಶಿಸಿದ್ದೀರಿ. ಒಪ್ಪಿದೆ, ಪ್ರಚೋದನೆಯೇ. ಆದರೆ ದವಡೆ ಮುರಿದದ್ದು ಕಾಗದದ ಹೆಂಗಸರಲ್ಲವಲ್ಲ?

ನನ್ನ ಬೇಡಿಕೆ ದೊಡ್ಡದೇನಲ್ಲ. ಸೋಮವಾರದೊಳಗೆ ಅವನ ವಾಪಸಾತಿಯ ಆದೇಶ ರದ್ದಾಗಬೇಕು. ಹುಡುಗಿಯರ ಹೇಳಿಕೆಯನ್ನು ಪೂರ್ತಿಯಾಗಿ ಬರೆಸಿಕೊಂಡು ಅವನನ್ನು ಪೊಲೀಸರಿಗೆ ಒಪ್ಪಿಸಬೇಕು.

ಅವನು ಬರುತ್ತಾನಂತೆ ಎಂಬ ಸುದ್ದಿಯನ್ನು ನಿನ್ನೆ ಗುಬ್ಬಿಗೆ ಹೇಳಿದೆ. ಅಳುತ್ತಾಳೆ ಅಂದುಕೊಂಡಿದ್ದೆ. ಊದಿದ ತುಟಿ ಒಡೆದು ರಕ್ತ ಜಿನುಗುತ್ತಿದ್ದರೂ ನಿಧಾನವಾಗಿ ಆಡಿಸಿದಳು: "ನಾನೂ ಹೋಗ್ತೀನಿ. ಆ ಹೊಸ ಹುಡುಗಿ ಒಬ್ಬಳೇ ಇರ್ತಾಳೆ." ಅವಳನ್ನು ತಡೆಯುವ ಶಕ್ತಿ ನನಗಿಲ್ಲ. ನೀವು ಅವನನ್ನು ತಡೆಯಿರಿ.

ಇಂತಿ,
ಹುಡುಗಿಯರ ತಲೆ ಕೆಡಿಸಿದ್ದು ಸಾಲದೇನೋ ಎಂದು ಈಗ ಮರುಗುತ್ತಿರುವ,
ಗುಬ್ಬಿಯ ಚಿಕ್ಕಮ್ಮ