ಗಾಯಕಿ ಇಳಿದ ಹೋಟೆಲ್

ಚಿಕ್ಕಮ್ಮ,

ಎದ್ದವರೇ ಮೊದಲು ತಿಂಡಿ ತಿನ್ನಿ. ನಾಚಿಕೆಗೆ ನಿನ್ನೆಯಿಂದ ಉಪವಾಸ ಕೂತದ್ದು ಸಾಕು. ರೊಟ್ಟಿ, ಆಲಿವ್ ಎಣ್ಣೆ ಒಲೆಯ ಪಕ್ಕದಲ್ಲಿವೆ.

ನನ್ನ ಕೆಲಸ ಹೋಗಿಲ್ಲ.

ನಮ್ಮ ಸಂಗೀತೋತ್ಸವಕ್ಕೆ ನಾನು ಕರೆಸಿದ ಕೈರೋದ ಗಾಯಕಿ ಮರಾಕೇಶಿನಲ್ಲಿ ಎಲ್ಲಿ ಇಳಿಯುತ್ತಾರೆಂಬುದು ಗುಟ್ಟಾಗಿರಬೇಕಿತ್ತು. ನೀವು ಕೇರಿಯ ಹೆಂಗಸರೆಲ್ಲ ಸ್ನಾನಕ್ಕೆ ಸೇರುವ ಹಮ್ಮಾಮಿನಲ್ಲಿ ಮೈ ಉಜ್ಜಿಸಿಕೊಳ್ಳುತ್ತ ಅದನ್ನೇ ಹೇಳಿಬಿಟ್ಟಿರಿ. ನಾನು ಗಾಯಕಿಯನ್ನು ಕಾರಿನಲ್ಲಿ ಕರೆದುಕೊಂಡು ಹೋಗುವಷ್ಟರಲ್ಲಿ, ತಾರೆಯರೆಲ್ಲ ಇಳಿಯುವ ಆ ದೊಡ್ಡ ಹೋಟೆಲಿನ ಗೇಟಿನಲ್ಲಿ ನಮ್ಮ ಕೇರಿಯ ಅರ್ಧ ಹೆಂಗಸರು! ಲಲ್ಲಾ ರಖಿಯಾ ಕಾವಲಿನವನನ್ನು ಗದರುತ್ತಿದ್ದರು: "ನಮ್ಮ ಇಬ್ತಿಸಾಮಳೇ ಕಣೋ ಅವರನ್ನ ಕರೆಸಿದ್ದು, ಬಿಡೋ ಒಳಗೆ!"

ಕಾರು ತಿರುಗಿಸಿದೆ. ಹಳೇ ಊರಿನ ಗಲ್ಲಿಯ ಬಾಯಲ್ಲಿ ಇಳಿಸಿ, ಬಾಗಿಲ ಮೇಲೆ ಹೆಸರೂ ಇಲ್ಲದ ಒಂದು ಹೋಟೆಲಿಗೆ ನಡೆಸಿಕೊಂಡು ಹೋದೆ. ಅವರು ಅಂಗಳದ ಕಿತ್ತಳೆ ಮರದ ಕೆಳಗೆ ಚಪ್ಪಲಿ ಕಳಚಿ ಕೂತು, "ಇಂಥಾ ಜಾಗ ಇಟ್ಕೊಂಡು ಆ ಅರಮನೆಗೆ ಯಾಕೆ ಕರ್ಕೊಂಡು ಹೊರಟಿದ್ದೆ, ಮಗಳೇ?" ಅಂದರು. ಹೆಸರಿಗೆ ಸೋತು ಅದನ್ನು ಆರಿಸಿದ್ದು ನಾನೇ ಅಲ್ಲವೇ? ಹಾಗಾಗಿ ನಿಮ್ಮ ಮೇಲೆ ಸಿಟ್ಟು ಅರ್ಧ ಇಳಿದಿದೆ.

ಇವತ್ತು ಶುಕ್ರವಾರ. ಕುಸ್‌ಕುಸ್ ಒಬ್ಬರಿಗೆ ಹೆಚ್ಚು ಮಾಡಿ, ಕುಂಬಳಕಾಯಿ ಧಾರಾಳವಾಗಿರಲಿ. ನಿಮ್ಮ ಕೈಯಡುಗೆಯ ಸುದ್ದಿ ಕೇಳಿ ಗಾಯಕಿ ಆಸೆಪಟ್ಟಿದ್ದಾರೆ. ಮಧ್ಯಾಹ್ನ ನಾನೇ ಬಂದು ಒಯ್ಯುತ್ತೇನೆ. ಯಾವ ಗಲ್ಲಿಯೆಂದು ಬರೆಯುತ್ತಿಲ್ಲ, ಬೇಸರ ಬೇಡ.

ಚಾವಣಿಯ ಮೇಲೆ ಬಟ್ಟೆ ಹರವುವಾಗ ಯಾರಾದರೂ ಕೇಳಿದರೆ, ಗಾಯಕಿ ದೊಡ್ಡ ಹೋಟೆಲಿನಲ್ಲೇ ಇದ್ದಾರೆ ಅನ್ನಿ. ನೀವು ಹೇಳಿದರೆ ಕೇರಿಗೆ ಕೇರಿಯೇ ನಂಬುತ್ತದೆ.

ಇಬ್ತಿಸಾಮ್